ಕಾರಿಗೆ ವಿಮೆ, ಕಂಪನಿಗೆ ಮಾಹಿತಿ

ಕಾರು ರಸ್ತೆಗೆ ಇಳಿಯಬೇಕಾದರೆ ಥರ್ಡ್ ಪಾರ್ಟಿ ವಿಮೆ ಇರಲೇಬೇಕು. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಇದನ್ನು ಕಡ್ಡಾಯ ಮಾಡಿದೆ. ವಿಮೆ ಇಲ್ಲದೆ ಮೊದಲ ಸಲ ಸಿಕ್ಕಿಬಿದ್ದರೆ 2,000 ರೂಪಾಯಿ ದಂಡ, ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಬೀಳಬಹುದು. ಹೀಗಿರುವಾಗ ವಿಮಾ ಕಂಪನಿ ಕೇಳಿದ ವಿವರ ಕೊಡುವುದು ಬಿಡುವುದು ಪೂರ್ತಿಯಾಗಿ ಗ್ರಾಹಕನ ಇಷ್ಟಕ್ಕೆ ಬಿಟ್ಟ ಮಾತಲ್ಲ. ಒಂದು ಕಂಪನಿಯ ಪ್ರಶ್ನೆಗಳು ಅತಿಯಾದವು ಎನಿಸಿದರೆ ಇನ್ನೊಂದರ ಹತ್ತಿರ ಹೋಗಬಹುದು. ವಿಮೆಯೇ ಬೇಡ ಎನ್ನುವಂತಿಲ್ಲ. ಗ್ರಾಹಕನನ್ನು ಕಂಪನಿಯ ಬಾಗಿಲಿಗೆ ಕಳಿಸುವುದು ಕಾನೂನು. ಆದ್ದರಿಂದ ಆ ಬಾಗಿಲಲ್ಲಿ ಏನು ಕೇಳಬಹುದು, ಪಡೆದದ್ದನ್ನು ಯಾರಿಗೆ ಕೊಡಬಹುದು, ಎಷ್ಟು ದಿನ ಇಟ್ಟುಕೊಳ್ಳಬಹುದು ಎನ್ನುವುದಕ್ಕೂ ಕಾನೂನೇ ಗೆರೆ ಎಳೆಯಬೇಕು. ಭಾರತದಲ್ಲಿ ಆ ಗೆರೆ ಇತ್ತೀಚೆಗಷ್ಟೇ ಮೂಡುತ್ತಿದೆ.

ಕಂಪನಿಗಳು ಪ್ರಶ್ನೆ ಕೇಳುವುದಕ್ಕೆ ನ್ಯಾಯವಾದ ಕಾರಣವೂ ಇದೆ. ವಿಮೆಯ ಒಪ್ಪಂದ ನಿಂತಿರುವುದೇ ಗ್ರಾಹಕನ ಮಾತಿನ ಮೇಲಿನ ನಂಬಿಕೆಯ ಮೇಲೆ. ಅಪಾಯ ಎಷ್ಟಿದೆ ಎಂಬುದು ಗೊತ್ತಿರುವುದು ವಿಮೆ ಮಾಡಿಸುವವನಿಗೆ. ಅವನು ಮುಚ್ಚಿಟ್ಟರೆ ವಿಮೆ ಕೊಡುವವನಿಗೆ ತಿಳಿಯುವ ದಾರಿ ಕಡಿಮೆ. ಈ ತತ್ವಕ್ಕೆ ಗಟ್ಟಿ ರೂಪ ಕೊಟ್ಟದ್ದು 1766ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಕಾರ್ಟರ್ ಮತ್ತು ಬೋಹ್ಮ್ ಮೊಕದ್ದಮೆ. ಸುಮಾತ್ರಾದ ಕೋಟೆಯೊಂದಕ್ಕೆ ಮಾಡಿಸಿದ್ದ ವಿಮೆಯ ತಕರಾರು ಅದು. ತೀರ್ಪು ಕೊಟ್ಟ ಲಾರ್ಡ್ ಮ್ಯಾನ್ಸ್‌ಫೀಲ್ಡ್, ಅಪಾಯಕ್ಕೆ ಸಂಬಂಧಿಸಿದ ಸಂಗತಿಯನ್ನು ಗ್ರಾಹಕ ಮರೆಮಾಚಬಾರದು ಎಂದರು. ಅದೇ ತೀರ್ಪಿನ ಇನ್ನೊಂದು ಭಾಗವನ್ನು ನೆನೆಯುವವರು ಕಡಿಮೆ: ವಿಮೆ ಕೊಡುವವನಿಗೆ ಮೊದಲೇ ಗೊತ್ತಿರುವುದನ್ನು ಅಥವಾ ಗೊತ್ತಿರಬೇಕಾದದ್ದನ್ನು ಗ್ರಾಹಕ ಹೇಳಬೇಕಾಗಿಲ್ಲ. ಆ ಮೊಕದ್ದಮೆಯಲ್ಲಿ ಗೆದ್ದದ್ದೂ ವಿಮೆ ಮಾಡಿಸಿದವನೇ. ಸತ್ಯ ಹೇಳುವ ಕರ್ತವ್ಯ ಅಪಾಯಕ್ಕೆ ಸಂಬಂಧಪಟ್ಟದ್ದಕ್ಕೆ ಮಾತ್ರ. ಕೇಳಿದ ಎಲ್ಲವನ್ನೂ ಒಪ್ಪಿಸುವ ಕರ್ತವ್ಯ ಅದಲ್ಲ.

ಭಾರತದಲ್ಲಿ ಕಾರಿನ ಪ್ರೀಮಿಯಂ ನಿಗದಿಯಾಗುವ ಬಗೆಯನ್ನು ನೋಡಿದರೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಥರ್ಡ್ ಪಾರ್ಟಿ ಭಾಗದ ದರ ಕಂಪನಿಯ ಕೈಯಲ್ಲೇ ಇಲ್ಲ, ಅದು ಸರ್ಕಾರದ್ದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1,000 ಸಿಸಿವರೆಗಿನ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂಪಾಯಿ, 1,500 ಸಿಸಿವರೆಗೆ 3,416, ಅದಕ್ಕೂ ಮೇಲಿನದಕ್ಕೆ 7,897 ಎಂದು ಗೊತ್ತು ಮಾಡಲಾಯಿತು. ಮಾಲೀಕ ಯಾರು, ಏನು ಕೆಲಸ, ಮದುವೆಯಾಗಿದೆಯೇ, ಎಷ್ಟು ಸಂಪಾದನೆ, ಇವು ಯಾವುವೂ ಆ ಲೆಕ್ಕಕ್ಕೆ ಬರುವುದಿಲ್ಲ. ಸ್ವಂತ ಕಾರಿನ ಹಾನಿಗೆ ಸಂಬಂಧಿಸಿದ ಓನ್ ಡ್ಯಾಮೇಜ್ ಭಾಗದಲ್ಲೂ ಬಹುಕಾಲ ವಾಹನವೇ ಅಳತೆಗೋಲಾಗಿತ್ತು. ಕಾರಿನ ಸದ್ಯದ ಬೆಲೆ, ಅಂದರೆ ಐಡಿವಿ, ಎಂಜಿನ್ ಗಾತ್ರ, ಕಾರಿಗೆ ಎಷ್ಟು ವರ್ಷವಾಯಿತು, ಎಲ್ಲಿ ನೋಂದಣಿಯಾಗಿದೆ ಎಂಬುದರ ಮೇಲೆ ಲೆಕ್ಕ. ಬೆಂಗಳೂರಿನಲ್ಲಿ ನೋಂದಣಿಯಾದ ಕಾರು 'ಎ' ವಲಯ, ಮೈಸೂರಿನದು, ಹುಬ್ಬಳ್ಳಿಯದು 'ಬಿ' ವಲಯ. ಗ್ರಾಹಕನ ಬಗ್ಗೆ ಕೇಳಬೇಕಾಗಿದ್ದ ಮುಖ್ಯ ಪ್ರಶ್ನೆ ಒಂದೇ: ಹಿಂದಿನ ವರ್ಷ ಕ್ಲೇಮ್ ಮಾಡಿದ್ದಿರಾ? ಮಾಡದಿದ್ದರೆ ನೋ ಕ್ಲೇಮ್ ಬೋನಸ್, ಮೊದಲ ವರ್ಷ ಶೇ 20ರಿಂದ ಶುರುವಾಗಿ ಐದು ವರ್ಷಕ್ಕೆ ಶೇ 50ರವರೆಗೆ. ಇಲ್ಲಿ ಸುಳ್ಳು ಹೇಳಿದರೆ ಕ್ಲೇಮ್ ಹೊತ್ತಿನಲ್ಲಿ ಹಳೆಯ ಕಂಪನಿಗೆ ಬರೆದು ಕೇಳಿ ಪತ್ತೆ ಹಚ್ಚುತ್ತಾರೆ. ಇದು ಕೇಳಲೇಬೇಕಾದ ಪ್ರಶ್ನೆ, ನಿಜವನ್ನೇ ಹೇಳಬೇಕಾದ ಪ್ರಶ್ನೆ.

2007ರ ಜನವರಿಯಿಂದ ಓನ್ ಡ್ಯಾಮೇಜ್ ದರವನ್ನು ಕಂಪನಿಗಳ ಲೆಕ್ಕಾಚಾರಕ್ಕೆ ಬಿಡಲಾಯಿತು. ಅಲ್ಲಿಂದ ವಾಹನದ ಜೊತೆಗೆ ಓಡಿಸುವವನನ್ನೂ ಅಳೆಯುವ ಆಸೆ ಹುಟ್ಟಿತು. ವಯಸ್ಸು, ಉದ್ಯೋಗ, ವರ್ಷಕ್ಕೆ ಓಡಿಸುವ ಕಿಲೋಮೀಟರು, ಈಗ ಓಡಿಸುವ ರೀತಿ ಕೂಡ. ಅಪಾಯವನ್ನು ಹೆಚ್ಚು ನಿಖರವಾಗಿ ಅಳೆದರೆ ಜಾಗರೂಕ ಚಾಲಕನಿಗೆ ಪ್ರೀಮಿಯಂ ಇಳಿಯುತ್ತದೆ ಎಂಬುದು ಕಂಪನಿಗಳ ವಾದ, ಅದರಲ್ಲಿ ಹುರುಳಿದೆ. ಆದರೆ ನಿಖರತೆಗೆ ಕೊನೆಯಿಲ್ಲ. ಇನ್ನೊಂದು ಪ್ರಶ್ನೆ ಕೇಳಿದರೆ ಇನ್ನಷ್ಟು ನಿಖರ ಎನ್ನುತ್ತಲೇ ಹೋಗಬಹುದು.

ದರಕ್ಕೆ ಸಂಬಂಧವಿಲ್ಲದ ಮಾಹಿತಿ ಕೇಳುವುದಕ್ಕೆ ಬೇರೆ ಕಾನೂನುಗಳೂ ಕಾರಣ. 2023ರ ಜನವರಿ 1ರಿಂದ ಯಾವುದೇ ಹೊಸ ಪಾಲಿಸಿಗೆ ಕೆವೈಸಿ, ಅಂದರೆ ಗ್ರಾಹಕನ ಗುರುತಿನ ಪರಿಶೀಲನೆ, ಕಡ್ಡಾಯ. ಅದಕ್ಕೆ ಮೊದಲು ವಾಹನ ವಿಮೆಯಂಥ ಪಾಲಿಸಿಗಳಲ್ಲಿ ದೊಡ್ಡ ಮೊತ್ತದ ಕ್ಲೇಮ್ ಬಂದಾಗ ಮಾತ್ರ ಗುರುತಿನ ದಾಖಲೆ ಕೇಳುತ್ತಿದ್ದರು. ಅಕ್ರಮ ಹಣ ತಡೆಯುವ ಉದ್ದೇಶದ ಈ ನಿಯಮ ಕಾಗದದ ಮೇಲೆ ಸರಿಯೇ ಇದೆ. ಅದು ನಡೆಯುವ ರೀತಿಯಲ್ಲಿ ತೊಂದರೆಯಿದೆ. ಪಾಲಿಸಿ ಮುಗಿಯಲು ನಾಲ್ಕು ದಿನ ಇರುವಾಗ ಏಜೆಂಟಿನ ಫೋನು ಬರುತ್ತದೆ: "ಸರ್, ಆರ್‌ಸಿ, ಆಧಾರ್, ಪ್ಯಾನ್ ಮೂರರದೂ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿಬಿಡಿ, ನಾನು ಮಾಡಿಸ್ತೀನಿ." ಮೂರು ಫೋಟೊ ಹೋಗುತ್ತವೆ, ಸಂಜೆಗೆ ಪಾಲಿಸಿ ಬರುತ್ತದೆ. ಫೋಟೊಗಳು ಮಾತ್ರ ಏಜೆಂಟಿನ ಫೋನಿನ ಗ್ಯಾಲರಿಯಲ್ಲಿ, ಅವನ ಮಕ್ಕಳ ಹುಟ್ಟುಹಬ್ಬದ ಚಿತ್ರಗಳ ನಡುವೆ ಉಳಿಯುತ್ತವೆ. ಬ್ಯಾಕಪ್ ಆಗಿ ಇನ್ನೆಲ್ಲೋ ಸೇರುತ್ತವೆ. ಫೋನು ಹಳತಾಗಿ ಕೈಬದಲಾದಾಗ ಅದರ ಜೊತೆಗೇ ಹೋಗುತ್ತವೆ. ಏಜೆಂಟ್ ಕೆಟ್ಟವನಾಗಿರಬೇಕಿಲ್ಲ. ವಿಮಾ ಪಾಲಿಸಿ ಮತ್ತು ಕ್ಲೇಮಿನ ದಾಖಲೆಗಳನ್ನು ಭಾರತದಲ್ಲೇ ಇರುವ ಡೇಟಾ ಸೆಂಟರುಗಳಲ್ಲಿ ಇಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ 2015ರಲ್ಲೇ ನಿಯಮ ಮಾಡಿದೆ. ಕಂಪನಿಯ ಡೇಟಾ ಸೆಂಟರಿಗೆ ಇಷ್ಟು ಕಾವಲು ಇರುವಾಗ ಅದೇ ದಾಖಲೆಯ ಇನ್ನೊಂದು ಪ್ರತಿ ಯಾವ ಕಾವಲೂ ಇಲ್ಲದ ಫೋನಿನಲ್ಲಿ ಕೂತಿರುತ್ತದೆ.

ಕಂಪನಿಯ ಸ್ವಂತ ಜಾಲತಾಣದಲ್ಲೋ ಆ್ಯಪಿನಲ್ಲೋ ನೇರವಾಗಿ ಕೆವೈಸಿ ಮುಗಿಸಿದರೆ ಈ ನಡುವಿನ ಪ್ರತಿ ಹುಟ್ಟುವುದೇ ಇಲ್ಲ. ಆಧಾರ್ ಪ್ರತಿ ಕೊಡಲೇಬೇಕಾದರೆ ಮೊದಲ ಎಂಟು ಅಂಕಿ ಮರೆಮಾಡಿ ಕೊನೆಯ ನಾಲ್ಕನ್ನಷ್ಟೇ ತೋರಿಸುವ 'ಮಾಸ್ಕ್ಡ್ ಆಧಾರ್' ಅನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳಬಹುದು.

ಮಾಹಿತಿ ಗ್ರಾಹಕನ ಕೈಯಿಂದಲೇ ಹೋಗಬೇಕೆಂದೂ ಇಲ್ಲ. ದರ ಹೋಲಿಸುವ ತಾಣದಲ್ಲಿ ನಂಬರ್ ಪ್ಲೇಟಿನ ಸಂಖ್ಯೆ ಹಾಕಿದರೆ ಕಾರಿನ ಮಾಡೆಲ್, ನೋಂದಣಿಯಾದ ವರ್ಷ, ಇಂಧನ, ಎಷ್ಟೋ ಸಲ ಹಳೆಯ ಪಾಲಿಸಿಯ ವಿವರ ಕೂಡ ತಾವಾಗಿಯೇ ತುಂಬಿಕೊಳ್ಳುತ್ತವೆ. ಸಂಖ್ಯೆ ಹಾಕಿದವನು ಆ ಕಾರಿನ ಮಾಲೀಕನೇ ಎಂಬ ಖಾತ್ರಿ ಮಾತ್ರ ಅಲ್ಲಿರುವುದಿಲ್ಲ. ದೇಶದ ವಾಹನಗಳ ದಾಖಲೆ ಕೇಂದ್ರ ಸಾರಿಗೆ ಸಚಿವಾಲಯದ 'ವಾಹನ್' ಕೋಶದಲ್ಲಿದೆ, ಚಾಲನಾ ಪರವಾನಗಿಗಳದ್ದು 'ಸಾರಥಿ'ಯಲ್ಲಿ. 2019ರ ಮಾರ್ಚ್‌ನಲ್ಲಿ ಸಚಿವಾಲಯ ಈ ದತ್ತಾಂಶವನ್ನು ಸಗಟಾಗಿ ಮಾರುವ ನೀತಿಯನ್ನೇ ಹೊರಡಿಸಿತು. ವಾಣಿಜ್ಯ ಸಂಸ್ಥೆಗೆ ವರ್ಷಕ್ಕೆ 3 ಕೋಟಿ ರೂಪಾಯಿ ಎಂದು ಬೆಲೆಯನ್ನೂ ಕಟ್ಟಿತು. ವಾಹನ್ ಮತ್ತು ಸಾರಥಿ ದತ್ತಾಂಶವನ್ನು 87 ಖಾಸಗಿ ಕಂಪನಿಗಳಿಗೂ 32 ಸರ್ಕಾರಿ ಸಂಸ್ಥೆಗಳಿಗೂ ಕೊಟ್ಟು 65 ಕೋಟಿ ರೂಪಾಯಿ ಬಂದಿದೆ ಎಂದು ಅದೇ ವರ್ಷ ಜುಲೈನಲ್ಲಿ ಸಂಸತ್ತಿಗೆ ತಿಳಿಸಲಾಯಿತು. ಖಾಸಗಿತನದ ಆತಂಕ ಎದ್ದ ಮೇಲೆ 2020ರ ಜೂನ್‌ನಲ್ಲಿ ಆ ನೀತಿಯನ್ನು ಹಿಂತೆಗೆದುಕೊಂಡರು. ಆರ್‌ಟಿಒ ಕಚೇರಿಯಲ್ಲಿ ಕಾನೂನಿನ ಬಲದಿಂದ ಪಡೆದ ವಿವರವನ್ನು ಸರ್ಕಾರ ಬೆಲೆ ಕಟ್ಟಿ ಮಾರಿದ್ದು ಸಣ್ಣ ಲೋಪವಲ್ಲ. ಆ ವಿವರ ಕೊಟ್ಟ ಕೋಟ್ಯಂತರ ಮಾಲೀಕರಲ್ಲಿ ಒಬ್ಬರನ್ನೂ ಕೇಳಿರಲಿಲ್ಲ.

ತಾನಾಗಿ ತುಂಬಿಕೊಳ್ಳುವ ಇಂಥ ಫಾರಂ ಎಷ್ಟು ಅಪಾಯಕಾರಿ ಎಂಬುದನ್ನು ಅಮೆರಿಕದ ಗೈಕೊ ವಿಮಾ ಕಂಪನಿಯ ಪ್ರಕರಣ ತೋರಿಸಿತು. 2021ರ ಆರಂಭದಲ್ಲಿ ವಂಚಕರು ಅದರ ಆನ್‌ಲೈನ್ ಕೊಟೇಶನ್ ಪುಟಕ್ಕೆ ಬೇರೆಯವರ ಹೆಸರು, ವಿಳಾಸ ಹಾಕಿದರು. ಗ್ರಾಹಕನಿಗೆ ಸಲೀಸಾಗಲಿ ಎಂದು ವ್ಯವಸ್ಥೆ ಆ ವ್ಯಕ್ತಿಯ ಚಾಲನಾ ಪರವಾನಗಿ ಸಂಖ್ಯೆಯನ್ನು ತಾನೇ ಹುಡುಕಿ ತಂದಿತು, ವಂಚಕರು ಅದನ್ನು ಎತ್ತಿಕೊಂಡರು. ಕೋವಿಡ್ ಕಾಲದ ನಿರುದ್ಯೋಗ ಭತ್ಯೆಗೆ ಸುಳ್ಳು ಅರ್ಜಿ ಹಾಕಲು ಆ ಸಂಖ್ಯೆಗಳು ಬಳಕೆಯಾದವು. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯ ಗೈಕೊಗೆ 97.5 ಲಕ್ಷ ಡಾಲರ್ ದಂಡ ವಿಧಿಸಿತು. ಪರವಾನಗಿ ಸಂಖ್ಯೆ ಕಳೆದುಕೊಳ್ಳಲು ಆ ಕಂಪನಿಯ ಗ್ರಾಹಕರೇ ಆಗಿರಬೇಕಿರಲಿಲ್ಲ ಎಂಬುದು ಗಮನಿಸಬೇಕಾದ್ದು.

ಅಮೆರಿಕದ ಅನುಭವವನ್ನು ಇನ್ನೂ ಸ್ವಲ್ಪ ನೋಡುವುದು ಉಪಯುಕ್ತ, ಏಕೆಂದರೆ ಅಲ್ಲಿ ಬೆಲೆ ಅಂಟಿಕೊಂಡಿರುವುದು ಚಾಲಕನಿಗೆ. ಮನೆಯಲ್ಲಿ ಕಾರು ಓಡಿಸುವ ವಯಸ್ಸಿನವರು ಯಾರ್ಯಾರಿದ್ದಾರೆ, ಅವರ ಪರವಾನಗಿ ಸಂಖ್ಯೆ ಏನು ಎಂದು ಕಂಪನಿ ಕೇಳುತ್ತದೆ. ಸಾಲ ತೀರಿಸಿದ ಇತಿಹಾಸವನ್ನು ಆಧರಿಸಿದ ಅಂಕವೂ ಬಹುತೇಕ ರಾಜ್ಯಗಳಲ್ಲಿ ಪ್ರೀಮಿಯಮ್ಮನ್ನು ಏರಿಸಿ ಇಳಿಸುತ್ತದೆ. ಕ್ಯಾಲಿಫೋರ್ನಿಯಾ, ಹವಾಯಿ, ಮಸಾಚುಸೆಟ್ಸ್ ಅದಕ್ಕೆ ಅವಕಾಶ ಕೊಟ್ಟಿಲ್ಲ. ಕ್ಯಾಲಿಫೋರ್ನಿಯಾದ ಮತದಾರರು 1988ರಲ್ಲಿ 'ಪ್ರೊಪೊಸಿಷನ್ 103' ಎಂಬ ಕಾನೂನಿಗೆ ಒಪ್ಪಿಗೆ ಕೊಟ್ಟು, ಚಾಲನೆಯ ದಾಖಲೆ, ವರ್ಷಕ್ಕೆ ಓಡಿಸುವ ದೂರ, ಚಾಲನೆಯ ಅನುಭವ, ಈ ಮೂರಕ್ಕೇ ಮೊದಲ ಮಣೆ ಎಂದು ಗೊತ್ತುಮಾಡಿದರು. ಯೂರೋಪಿನಲ್ಲಿ 2011ರಲ್ಲಿ ಅಲ್ಲಿನ ನ್ಯಾಯಾಲಯ ಹೆಣ್ಣು ಗಂಡು ಎಂಬ ಆಧಾರದ ಮೇಲೆ ಪ್ರೀಮಿಯಂ ಬೇರೆ ಮಾಡಬಾರದು ಎಂದಿತು. ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದಾದ ಮೇಲೆ ಆ ಪ್ರಶ್ನೆಯನ್ನು ಕೇಳುವ ಕಾರಣವೂ ಸಡಿಲವಾಗುತ್ತದೆ. ಖಾಸಗಿತನ ಕಾಯುವ ದಾರಿಗಳಲ್ಲಿ ಇದು ಬಲವಾದದ್ದು.

ಕೇಳದೆಯೇ ತೆಗೆದುಕೊಂಡ ಪ್ರಕರಣ ಜನರಲ್ ಮೋಟರ್ಸ್‌ನದು. ತನ್ನ ಕಾರುಗಳ 'ಆನ್‌ಸ್ಟಾರ್ ಸ್ಮಾರ್ಟ್ ಡ್ರೈವರ್' ಸೌಲಭ್ಯದ ಮೂಲಕ ಕಂಪನಿ ಚಾಲಕರ ವಿವರ ಸಂಗ್ರಹಿಸಿ ಲೆಕ್ಸಿಸ್‌ನೆಕ್ಸಿಸ್, ವೆರಿಸ್ಕ್ ಎಂಬ ದತ್ತಾಂಶ ಸಂಸ್ಥೆಗಳಿಗೆ ಕೊಡುತ್ತಿತ್ತು. ಅಲ್ಲಿಂದ ಅದು ವಿಮಾ ಕಂಪನಿಗಳಿಗೆ. 2024ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಇದನ್ನು ಬಯಲು ಮಾಡಿತು. ಷೆವ್ರೊಲೆ ಬೋಲ್ಟ್ ಓಡಿಸುತ್ತಿದ್ದ ಒಬ್ಬರು, ಪ್ರೀಮಿಯಂ ಶೇ 21ರಷ್ಟು ಏರಿದ್ದು ಯಾಕೆಂದು ತಿಳಿಯಲು ತಮ್ಮ ಕಡತ ತರಿಸಿದರೆ 258 ಪುಟ ಬಂತು. ಆರು ತಿಂಗಳಲ್ಲಿ ಅವರೂ ಅವರ ಪತ್ನಿಯೂ ಕಾರು ತೆಗೆದ 640 ಸಲದ ಲೆಕ್ಕ ಅದರಲ್ಲಿತ್ತು: ಹೊರಟ ಹೊತ್ತು, ನಿಂತ ಹೊತ್ತು, ದೂರ, ಎಷ್ಟು ಸಲ ಗಕ್ಕನೆ ಬ್ರೇಕ್ ಬಿತ್ತು, ಎಷ್ಟು ಸಲ ವೇಗ ಮಿತಿ ಮೀರಿತು ಎಂಬುದೆಲ್ಲ. ಸುದ್ದಿಯಾದ ಕೆಲವೇ ದಿನದಲ್ಲಿ ಕಂಪನಿ ಮಾಹಿತಿ ಹಂಚುವುದನ್ನು ನಿಲ್ಲಿಸಿತು. ಮೂರು ಸೆಕೆಂಡಿಗೊಮ್ಮೆಯವರೆಗೂ ಕಾರಿರುವ ಜಾಗವನ್ನು ದಾಖಲಿಸಲಾಗುತ್ತಿತ್ತು ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಹೇಳಿ, ಇಂಥ ಸಂಸ್ಥೆಗಳಿಗೆ ಈ ಮಾಹಿತಿ ಕೊಡದಂತೆ ಐದು ವರ್ಷದ ನಿರ್ಬಂಧವನ್ನು 2025ರ ಜನವರಿಯಲ್ಲಿ ಪ್ರಕಟಿಸಿತು. ಅದೇ ತಿಂಗಳು ಟೆಕ್ಸಸ್ ರಾಜ್ಯ ಆಲ್‌ಸ್ಟೇಟ್ ವಿಮಾ ಕಂಪನಿಯ ಮೇಲೆ ದಾವೆ ಹೂಡಿತು. ಜನ ಬೇರೆ ಬೇರೆ ಕೆಲಸಕ್ಕೆ ಇಟ್ಟುಕೊಂಡ ಮೊಬೈಲ್ ಆ್ಯಪ್‌ಗಳೊಳಗೆ ತನ್ನ ತಂತ್ರಾಂಶ ಸೇರಿಸಿ ನಾಲ್ಕೂವರೆ ಕೋಟಿ ಅಮೆರಿಕನ್ನರ ಓಡಾಟದ ವಿವರ ಸಂಗ್ರಹಿಸಿತು ಎಂಬುದು ಆರೋಪ. ಹಾಗಾದಾಗ ಫೋನು ಹಿಡಿದು ಪಕ್ಕದ ಸೀಟಿನಲ್ಲೋ ಬಸ್ಸಿನಲ್ಲೋ ಕೂತವರೂ ಚಾಲಕರೆಂದು ಲೆಕ್ಕಕ್ಕೆ ಬರುವ ಸಾಧ್ಯತೆ ಇದೆ.

ಓಡಾಟವನ್ನು ಅಳೆದು ಬೆಲೆ ಕಟ್ಟುವ ವಿಮೆ ಭಾರತಕ್ಕೆ ಅಧಿಕೃತವಾಗಿ ಬಂದದ್ದು 2022ರ ಜುಲೈನಲ್ಲಿ. ಓಡಿಸಿದಷ್ಟಕ್ಕೆ ಕಟ್ಟುವುದು, ಓಡಿಸುವ ರೀತಿಗೆ ತಕ್ಕಂತೆ ಕಟ್ಟುವುದು, ಒಬ್ಬನ ಹಲವು ವಾಹನಗಳಿಗೆ ಒಂದೇ ಪಾಲಿಸಿ, ಈ ಮೂರನ್ನು ಓನ್ ಡ್ಯಾಮೇಜ್ ಭಾಗಕ್ಕೆ ಸೇರಿಸಿಕೊಳ್ಳಲು ಐಆರ್‌ಡಿಎಐ ಒಪ್ಪಿತು. ಮೊದಲ ಎರಡನ್ನು ಹೆಚ್ಚಿನವರು ಒಂದೇ ಎಂದುಕೊಳ್ಳುತ್ತಾರೆ. ಖಾಸಗಿತನದ ದೃಷ್ಟಿಯಿಂದ ಅವುಗಳ ನಡುವೆ ಬಹಳ ಅಂತರ. ಎಷ್ಟು ಓಡಿಸಿದ್ದು ಎಂದು ತಿಳಿಯಲು ಓಡೋಮೀಟರಿನ ಎರಡು ಫೋಟೊ ಸಾಕು: ವರ್ಷದ ಮೊದಲು ಒಂದು, ಕೊನೆಗೆ ಒಂದು. ಎಲ್ಲಿಗೆ ಹೋದರು, ಯಾವ ಹೊತ್ತಿಗೆ, ಆಸ್ಪತ್ರೆಗೋ ವಕೀಲರ ಮನೆಗೋ ಎಂಬುದು ಆ ಅಂಕಿಯಿಂದ ತಿಳಿಯುವುದಿಲ್ಲ. ಹೇಗೆ ಓಡಿಸಿದ್ದು ಎಂದು ತಿಳಿಯಲು ಮಾತ್ರ ಡ್ಯಾಶ್‌ಬೋರ್ಡಿನ ಕೆಳಗಿನ ಪೋರ್ಟಿಗೆ ಸಿಕ್ಕಿಸುವ ಸಣ್ಣ ಸಾಧನವೋ ಫೋನಿನ ಆ್ಯಪೋ ಕಾರಿನೊಳಗಿನ ಸಿಮ್ಮೋ ಬೇಕು. ಇಲ್ಲಿಯೂ ಗಕ್ಕನೆ ಬ್ರೇಕ್ ಹಾಕಿದ್ದನ್ನು ಅಳೆಯಲು ಜಾಗದ ವಿವರ ಬೇಕಾಗಿಲ್ಲ, ವೇಗದ ಏರಿಳಿತ ಸಾಕು. ಆದರೂ ಆ್ಯಪ್ ಲೊಕೇಶನ್ ಅನುಮತಿ ಕೇಳುತ್ತದೆ, ಅದೂ 'ಎಲ್ಲ ಸಮಯದಲ್ಲೂ'. ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಪಡೆಯುವುದು ಹೀಗೇ ಶುರುವಾಗುತ್ತದೆ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಮಾತ್ರ ಓಡಿಸುವ ಮನೆಗೆ ಓಡೋಮೀಟರ್ ಲೆಕ್ಕದ ಪಾಲಿಸಿ ಉಳಿತಾಯವನ್ನೂ ಕೊಡುತ್ತದೆ, ಗುಟ್ಟನ್ನೂ ಉಳಿಸುತ್ತದೆ.

ಅಪಘಾತವಾದಾಗ ಪ್ರಶ್ನೆಗಳ ಸ್ವರೂಪ ಬದಲಾಗುತ್ತದೆ. ಆ ಹೊತ್ತಿಗೆ ಓಡಿಸುತ್ತಿದ್ದವರು ಯಾರು, ಅವರ ಡಿಎಲ್ ಚಾಲ್ತಿಯಲ್ಲಿತ್ತೇ, ಕುಡಿದಿದ್ದರೇ, ಎಫ್‌ಐಆರ್ ಆಗಿದೆಯೇ ಎಂದು ಸರ್ವೇಯರ್ ಕೇಳುತ್ತಾರೆ. ಕಾರು ಕಳುವಾಗಿದ್ದರೆ ಎರಡೂ ಕೀ ಕೇಳುತ್ತಾರೆ. ಇವು ಕ್ಲೇಮಿಗೆ ನೇರ ಸಂಬಂಧಪಟ್ಟವು. ಕಾರು ಅಣ್ಣನದು, ಓಡಿಸಿದ್ದು ತಮ್ಮ ಎಂದಾದರೆ ತಮ್ಮನ ಡಿಎಲ್ ಕೊಡಲೇಬೇಕು. ಅದನ್ನು ಮುಚ್ಚಿ ಅಣ್ಣನೇ ಓಡಿಸಿದ್ದು ಎಂದರೆ ಕ್ಲೇಮ್ ಹೋದಂತೆಯೇ, ಮೋಸದ ಆರೋಪವೂ ಬರಬಹುದು. ಆದರೆ ಪಾಲಿಸಿ ಮಾಡಿಸುವ ದಿನವೇ ಮನೆಯವರೆಲ್ಲರ ಡಿಎಲ್ ಕೇಳಿದರೆ ಅದಕ್ಕೆ ಇಲ್ಲಿ ಆಧಾರವಿಲ್ಲ. ಭಾರತದಲ್ಲಿ ವಿಮೆ ಕಾರಿನ ಮೇಲೆ, ಸರಿಯಾದ ಪರವಾನಗಿ ಇರುವ ಯಾರು ಓಡಿಸಿದರೂ ಅದು ನಡೆಯುತ್ತದೆ. ಮಾಲೀಕ-ಚಾಲಕನ 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆಗಾಗಿ ನಾಮಿನಿಯ ಹೆಸರು, ವಯಸ್ಸು, ಸಂಬಂಧ ಬೇಕು. ನಾಮಿನಿಯ ಆಧಾರ್ ಪ್ರತಿ ಆ ದಿನ ಬೇಕಾಗುವುದಿಲ್ಲ.

ಬೇಕಾದಷ್ಟೇ ಕೇಳಬೇಕು ಎಂಬ ಮಾತಿಗೆ ಭಾರತದಲ್ಲಿ ಸಂವಿಧಾನದ ಬಲ ಬಂದದ್ದು ಕರ್ನಾಟಕದವರೊಬ್ಬರ ಮೊಕದ್ದಮೆಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆಗ ಅವರಿಗೆ ಎಂಬತ್ತಾರು ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ತೀರ್ಪಿನ ಮುಂದುವರಿಕೆಯಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಕಂಪನಿಗಳ ಮುಖ್ಯ ಹೊಣೆಗಾರಿಕೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಕೊಡಲಾಗಿದೆ.

ಈ ಕಾಯ್ದೆಯಲ್ಲಿ ವಾಹನ ವಿಮೆಗೆ ಒದಗುವ ಅಂಶಗಳು ಹಲವು. ಸಮ್ಮತಿ ಮುಕ್ತವಾಗಿರಬೇಕು, ಹೇಳಿದ ಉದ್ದೇಶಕ್ಕೆ ಬೇಕಾದ ಮಾಹಿತಿಗಷ್ಟೇ ಸೀಮಿತವಾಗಿರಬೇಕು, ಗ್ರಾಹಕನೇ ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು. ಮೊದಲೇ ಟಿಕ್ ಬಿದ್ದಿರುವ ಚೌಕ ಸಮ್ಮತಿಯಲ್ಲ. ಕೊಟ್ಟಷ್ಟೇ ಸುಲಭವಾಗಿ ಸಮ್ಮತಿಯನ್ನು ಹಿಂತೆಗೆದುಕೊಳ್ಳಲು ಬರಬೇಕು. ಯಾವ ಮಾಹಿತಿ, ಏಕೆ ಎಂಬ ಸೂಚನೆಯನ್ನು ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು, ಅಂದರೆ ಕನ್ನಡದಲ್ಲೂ. ಇಂಗ್ಲಿಷಿನ ಹತ್ತು ಪುಟದ ಷರತ್ತುಗಳ ಕೆಳಗೆ ಸಹಿ ಹಾಕಿಸಿಕೊಳ್ಳುವ ಶೋರೂಂಗಳಿಗೆ ಇದು ದೊಡ್ಡ ಬದಲಾವಣೆ. ಮಾಹಿತಿ ಸೋರಿದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ಮಾಹಿತಿ ಸೋರಿದ ಪ್ರತಿಯೊಬ್ಬರಿಗೂ ತಿಳಿಸಬೇಕು. ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ. ಆ ದಂಡ ಸೇರುವುದು ಸರ್ಕಾರದ ಸಂಚಿತ ನಿಧಿಗೆ. ಮಾಹಿತಿ ಕಳೆದುಕೊಂಡವನಿಗೆ ಪರಿಹಾರ ಕೊಡುವ ಅವಕಾಶ ಈ ಕಾಯ್ದೆಯಲ್ಲಿಲ್ಲ, ಅಂಥ ಅವಕಾಶವಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಂ ಅನ್ನೂ ಇದು ತೆಗೆದುಹಾಕುತ್ತದೆ. ಇದು ಕಾಯ್ದೆಯ ದೊಡ್ಡ ಕೊರತೆ, ತಿದ್ದಬೇಕಾದದ್ದು.

ಅಳಿಸಿ ಎಂದು ಕೇಳುವ ಹಕ್ಕಿಗೂ ಮಿತಿಯಿದೆ. ಅಕ್ರಮ ಹಣ ತಡೆ ಕಾಯ್ದೆಯ ಪ್ರಕಾರ ಗುರುತಿನ ದಾಖಲೆಗಳನ್ನು ವ್ಯವಹಾರ ಮುಗಿದ ಮೇಲೂ ಐದು ವರ್ಷ ಇಡಬೇಕಾಗುತ್ತದೆ. ಹಾಗಾಗಿ ಪಾಲಿಸಿ ಬಿಟ್ಟ ಮರುದಿನ ಪ್ಯಾನ್ ಪ್ರತಿ ಅಳಿಸಿ ಎಂದರೆ ಕಂಪನಿ ಒಪ್ಪುವಂತಿಲ್ಲ. ಮಾರಾಟದ ಕರೆಗಳಿಗಾಗಿ ಇಟ್ಟುಕೊಂಡ ಫೋನ್ ನಂಬರ್, ಓಡಿಸುವ ರೀತಿ ಅಳೆಯುವ ಟೆಲಿಮ್ಯಾಟಿಕ್ಸ್ ಆ್ಯಪಿನ ಓಡಾಟದ ದಾಖಲೆ ಇವುಗಳಿಗೆ ಆ ಕಾನೂನಿನ ಆಸರೆಯಿಲ್ಲ, ಅವನ್ನು ಅಳಿಸಲು ಕೇಳಬಹುದು. ಕಾರು ಮಾರುವಾಗ ಇನ್ನೊಂದು ಕೆಲಸವಿದೆ. ವಿಮೆಯ ವರ್ಗಾವಣೆಯನ್ನು ಎಲ್ಲರೂ ನೆನಪಿಡುತ್ತಾರೆ, ಕನೆಕ್ಟೆಡ್ ಕಾರಿನ ಆ್ಯಪ್ ಖಾತೆಯನ್ನು ಮರೆಯುತ್ತಾರೆ. ಖಾತೆ ಬಿಡಿಸದಿದ್ದರೆ ಹಳೆಯ ಮಾಲೀಕನ ಫೋನಿನಲ್ಲಿ ಹೊಸ ಮಾಲೀಕನ ಕಾರು ನಿಂತ ಜಾಗ ಕಾಣುತ್ತಲೇ ಇರಬಹುದು. ಹಳೆಯ ಮಾಲೀಕನ ಫೋನ್‌ಬುಕ್ ಕಾರಿನ ಪರದೆಯಲ್ಲಿ ಉಳಿದಿರುತ್ತದೆ. ಆರ್‌ಸಿ ವರ್ಗಾವಣೆಯ ದಿನವೇ ಫ್ಯಾಕ್ಟರಿ ರೀಸೆಟ್ ಮಾಡಿಸುವುದು ಇಬ್ಬರಿಗೂ ಕ್ಷೇಮ.

ಬೇಡದ ರಿನ್ಯೂವಲ್ ಕರೆಗಳ ಬಗ್ಗೆ 1909 ಫೋನ್ ಸಂಖ್ಯೆಗೆ ದೂರು ಕೊಡಬಹುದು. ವಿಮಾ ಕಂಪನಿಯ ನಡವಳಿಕೆಯ ಬಗ್ಗೆ ಮೊದಲು ಅದರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು, ಉತ್ತರ ತೃಪ್ತಿ ಕೊಡದಿದ್ದರೆ ಐಆರ್‌ಡಿಎಐನ 'ಬಿಮಾ ಭರೋಸಾ' ತಾಣದಲ್ಲಿ ದಾಖಲಿಸಬಹುದು. ದೂರಿನಲ್ಲಿ ಯಾವ ದಾಖಲೆಯನ್ನು, ಯಾವ ದಿನ, ಯಾರಿಗೆ, ಯಾವ ಕೆಲಸಕ್ಕೆಂದು ಕೊಟ್ಟದ್ದು ಎಂಬ ವಿವರ ಇದ್ದರೆ ಕಂಪನಿ ಜಾರಿಕೊಳ್ಳುವುದು ಕಷ್ಟ. ಅದಕ್ಕಾಗಿ ಕೊಡುವ ಪ್ರತಿಯ ಮೇಲೆ "ಕಾರು ವಿಮೆಯ ಕೆವೈಸಿಗೆ ಮಾತ್ರ" ಎಂದು ಬರೆದು, ದಿನಾಂಕ ಹಾಕಿ, ಅಂಕಿಗಳಿಗೆ ಅಡ್ಡಲಾಗಿ ಸಹಿ ಮಾಡಿ ಕೊಡುವ ರೂಢಿ ಒಳ್ಳೆಯದು.